ತಜ್ಞರ ಉತ್ತರ: ಅಜ್ಜ ತಂದ ಜಪಾನಿ ಕತ್ತಿಯ ಮೇಲಿನ ಸಹಿ ಅಸಲಿಯೇ?

ಪ್ರಶ್ನೆ: ನಮ್ಮದು ಕೊಡಗು. ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಇದ್ದವರು. ಬರುವಾಗ ಜಪಾನಿ ಅಧಿಕಾರಿಯೊಬ್ಬನ ಕತ್ತಿ ತಂದಿದ್ದರು. ಇಷ್ಟು ವರ್ಷ ಅದು ಅಟ್ಟದ ಮೇಲೇ ಇತ್ತು. ಈಚೆಗೆ ಹಿಡಿ ಬಿಚ್ಚಿ ನೋಡಿದಾಗ ಒಳಗಿನ ಕಬ್ಬಿಣದ ಮೇಲೆ ಉದ್ದಕ್ಕೆ ಅಕ್ಷರ ಕೊರೆದಿರುವುದು ಕಾಣಿಸಿತು. ಜಪಾನಿ ಬಲ್ಲ ಸ್ನೇಹಿತರು ಅದನ್ನು ‘ನಾಗಸೊನೆ ಒಕಿಸಾತೊ ನ್ಯೂದೊ ಕೊಟೆತ್ಸು’ ಎಂದು ಓದಿದರು. ಹುಡುಕಿ ನೋಡಿದರೆ ಕೊಟೆತ್ಸು ತುಂಬಾ ದೊಡ್ಡ ಹೆಸರು. ಇದು ಅಸಲಿಯೇ? ಅಕ್ಷರಗಳ ಮೇಲಿನ ತುಕ್ಕು ತೆಗೆಯಬಹುದೇ? ಇದರಿಂದ ನನಗೂ ಜಪಾನಿ ಕತ್ತಿ ಸಂಗ್ರಹಿಸುವ ಆಸೆ ಹುಟ್ಟಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ತುಕ್ಕನ್ನು ಮುಟ್ಟಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ನೋಡೋಣ, ಇದೊಂದನ್ನು ಮಾತ್ರ ಇವತ್ತೇ ಮನೆಮಂದಿಗೆಲ್ಲ ಹೇಳಿಬಿಡಿ. ಹಿಡಿಯೊಳಗೆ ಅಡಗಿರುವ ಆ ಭಾಗಕ್ಕೆ ಜಪಾನಿನಲ್ಲಿ ನಕಾಗೊ ಎನ್ನುತ್ತಾರೆ. ಅಲಗಿಗೆ ಸಾಣೆ ಹಿಡಿಯುತ್ತಾರೆ, ನಕಾಗೊಗೆ ಎಂದೂ ಹಿಡಿಯುವುದಿಲ್ಲ. ನೂರಾರು ವರ್ಷ ಅದು ತನ್ನಷ್ಟಕ್ಕೆ ಕಪ್ಪಾಗುತ್ತಾ ಹೋಗಬೇಕು. ಆ ತುಕ್ಕಿನ ಬಣ್ಣ, ಅದು ಕೂತಿರುವ ರೀತಿ ನೋಡಿಯೇ ಬಲ್ಲವರು ಕತ್ತಿಯ ವಯಸ್ಸು ಹೇಳುವುದು. ಉಜ್ಜಿ ತೆಗೆದರೆ ವಯಸ್ಸಿನ ಸಾಕ್ಷಿ ಹೋಯಿತು, ಸಹಿಯನ್ನು ಪರೀಕ್ಷಿಸುವ ದಾರಿಯೂ ಮುಚ್ಚಿತು. ಮತ್ತೆ ಯಾರೂ ಅದನ್ನು ತಂದುಕೊಡಲಾರರು.

ಕೊಡಗಿನವರಿಗೆ ಇದನ್ನು ಒತ್ತಿ ಹೇಳಲು ಕಾರಣ ಇದೆ. ಕೈಲ್ ಪೊಳ್ದ್ ಬಂತು, ಆಯುಧ ಪೂಜೆ ಬಂತು ಎಂದರೆ ಮನೆಯ ಕತ್ತಿ ಕೋವಿಗಳನ್ನೆಲ್ಲ ಇಳಿಸಿ ಉಜ್ಜಿ ಇಡುವುದು ಭಕ್ತಿಯ ಕೆಲಸ. ತೋಟದ ಕತ್ತಿಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಅದು ಇನ್ನೂ ಚೆನ್ನಾಗಿಯೇ ಕಾಣುತ್ತದೆ. ಜಪಾನಿ ಅಲಗಿಗೆ ಆ ಹುಳಿ ತಾಗಿದರೆ ಅದರ ಮೈ ಮಂಕಾಗುತ್ತದೆ. ಕುಂಕುಮ, ಗಂಧವನ್ನು ಒರೆಗೆ ಇಡಿ, ಅಲಗಿಗೆ ಬೇಡ. ಬೆರಳಿನ ಬೆವರೂ ಸಾಕು ತುಕ್ಕು ಹಿಡಿಯಲು. ನಿಮ್ಮ ಕಡೆಯ ಮಳೆಗಾಲದಲ್ಲಿ ತೇವ ಹೇಗೂ ಜಾಸ್ತಿ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆಯ ಪದರ ಬಿಡಿ. ಜಪಾನಿನವರು ಚೋಜಿ ಎಂಬ ಲವಂಗದ ವಾಸನೆಯ ಎಣ್ಣೆ ಬಳಸುತ್ತಾರೆ. ಅದು ಸಿಗದಿದ್ದರೆ ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ ಸದ್ಯಕ್ಕೆ ಆಗುತ್ತದೆ. ಅಡುಗೆ ಎಣ್ಣೆ ಬೇಡ, ಅಂಟು ಕಟ್ಟುತ್ತದೆ. ಸಾಣೆಯವರ ಬಳಿಗಂತೂ ಒಯ್ಯಲೇಬೇಡಿ. ಚಕ್ರಕ್ಕೆ ಒಂದು ಸಲ ಕೊಟ್ಟರೆ ಅಲಗಿನ ರೂಪವೇ ಕೆಡುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕೊಟೆತ್ಸು ಎಂಬ ಸಹಿ ಕಂಡರೆ, ಅದು ಕೊಟೆತ್ಸುವಿನದ್ದಲ್ಲ ಎಂದುಕೊಂಡೇ ನೋಡಲು ಶುರು ಮಾಡಬೇಕು. ಜಪಾನಿನ ಸಂಗ್ರಾಹಕರು ಇದನ್ನು ಗಾದೆಯ ಹಾಗೆ ಆಡುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಸಹಿ ಸುಳ್ಳಾದರೂ ಕತ್ತಿ ಒಳ್ಳೆಯದಾಗಿರಬಹುದು. ಅದಕ್ಕೇ ಮುಂದೆ ಬರೆದದ್ದನ್ನೆಲ್ಲ ಸಮಾಧಾನವಾಗಿ ಓದಿ.

ನಾಗಸೊನೆ ಒಕಿಸಾತೊ ಎಂಬಾತ ಮೊದಲು ಎಚಿಜೆನ್ ಪ್ರಾಂತ್ಯದಲ್ಲಿ ಯುದ್ಧದ ಕವಚ ಮಾಡುತ್ತಿದ್ದ ಕಮ್ಮಾರ. ಸುಮಾರು ಐವತ್ತರ ವಯಸ್ಸಿನಲ್ಲಿ ಎದೊಗೆ, ಅಂದರೆ ಇವತ್ತಿನ ಟೋಕಿಯೊಗೆ ಬಂದು ಕತ್ತಿ ಮಾಡಲು ಹಿಡಿದ. ತಲೆ ಬೋಳಿಸಿ ದೀಕ್ಷೆ ತೆಗೆದುಕೊಂಡ ಮೇಲೆ ಕೊಟೆತ್ಸು ಎಂಬ ಹೆಸರಿಟ್ಟುಕೊಂಡ. 1678ರಲ್ಲಿ ತೀರಿಕೊಂಡ. ಅಂದರೆ ಅವನು ಕತ್ತಿ ಮಾಡಿದ್ದು ಸುಮಾರು 20 ವರ್ಷ ಅಷ್ಟೇ. ಅವನ ಕತ್ತಿಗಳು ಭಯಂಕರ ಹರಿತ ಎಂಬ ಖ್ಯಾತಿ ಹಬ್ಬಿತು. ಬೇಕೆಂದವರು ಸಾವಿರ, ಅಸಲಿ ಕತ್ತಿ ಕೆಲವೇ. ನಕಲಿ ಹುಟ್ಟಲು ಇಷ್ಟು ಸಾಕಲ್ವಾ? 19ನೇ ಶತಮಾನದಲ್ಲಿ ಕಾಜಿಹೆಯಿ ಎಂದು ಕರೆಸಿಕೊಳ್ಳುತ್ತಿದ್ದ ಹೊಸೊದ ನಾವೊಮಿತ್ಸು ಎಂಬ ಕಮ್ಮಾರ ದೊಡ್ಡವರ ಸಹಿ ಕೊರೆಯುವುದರಲ್ಲೇ ಹೆಸರಾದ. ಅವನೂ ಕೈಯಲ್ಲಿ ಕಸುಬು ಇದ್ದವನೇ. ಅವನ ನಕಲಿಗಳು ಇವತ್ತಿಗೂ ತಜ್ಞರನ್ನು ತಡೆದು ನಿಲ್ಲಿಸುತ್ತವೆ.

ನಿಮ್ಮ ಸ್ನೇಹಿತರು ಓದಿದ ಪ್ರಕಾರ ಸಹಿಯಲ್ಲಿ 9 ಅಕ್ಷರ ಇರಬೇಕು. ಮೇಲಿನಿಂದ ಎಣಿಸಿ. ಎಂಟನೆಯದ್ದು ಹುಲಿ ಎಂಬ ಅರ್ಥದ ಅಕ್ಷರ. ಕಥೆಯೆಲ್ಲ ಅಲ್ಲೇ ಇದೆ. ಕೊಟೆತ್ಸು ಈ ಒಂದು ಅಕ್ಷರವನ್ನು ಎರಡು ಥರ ಕೊರೆದಿದ್ದಾನೆ. ಮೊದಲಿನ ಥರದಲ್ಲಿ ಕೊನೆಯ ಗೆರೆ ಬಲಗಡೆಗೆ ಹೋಗಿ ಮೇಲಕ್ಕೆ ಚಿಮ್ಮುತ್ತದೆ. ಇದಕ್ಕೆ ಹನೆತೊರ ಎನ್ನುತ್ತಾರೆ. ಸುಮಾರು 1664ರಿಂದ ಈಚೆಗೆ ಆ ಚಿಮ್ಮು ಇಲ್ಲ, ಅಕ್ಷರದ ಕೆಳಭಾಗ ಚೌಕ ಪೆಟ್ಟಿಗೆಯ ಆಕಾರಕ್ಕೆ ಬರುತ್ತದೆ. ಇದು ಹಕೊತೊರ. ಅದಕ್ಕೂ ಹಿಂದೆ, ತೀರಾ ಶುರುವಿನಲ್ಲಿ, ಕೊಟೆತ್ಸು ಎಂಬ ಅದೇ ಉಚ್ಚಾರವನ್ನು ಬೇರೆ ಅಕ್ಷರಗಳಲ್ಲೇ ಬರೆಯುತ್ತಿದ್ದ.

ಇದರಿಂದ ನಮಗೇನು ಉಪಯೋಗ? ಅವನ ಅಲಗೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಅಲಗಿನ ಬಾಯಿಯ ಉದ್ದಕ್ಕೂ ಬೆಳ್ಳಗೆ ಕಾಣುವ ಗಟ್ಟಿ ಉಕ್ಕಿನ ಅಂಚಿಗೆ ಹಮೊನ್ ಎಂದು ಹೆಸರು. ಕೊಟೆತ್ಸುವಿನ ಮೊದಲಿನ ಕತ್ತಿಗಳಲ್ಲಿ ಈ ಹಮೊನ್ ಒಂದು ದೊಡ್ಡ ಉಬ್ಬು ಒಂದು ಚಿಕ್ಕ ಉಬ್ಬು ಜೋಡಿಸಿದ ಹಾಗೆ, ಸೋರೆಬುರುಡೆಯ ಆಕಾರದಲ್ಲಿ ಸಾಗುತ್ತದೆ. ಮುಂದಿನ ವರ್ಷಗಳಲ್ಲಿ ಸಮನಾದ ದುಂಡು ಉಬ್ಬುಗಳು ಸಾಲಾಗಿ ಬರುತ್ತವೆ. ಜಪಮಾಲೆಯ ಮಣಿ ಎಂದೇ ಅದಕ್ಕೆ ಹೆಸರು, ಜುಜುಬಾ. ಈಗ ನೀವೇ ಜೋಡಿಸಿ ನೋಡಿ. ಸಹಿ ಪೆಟ್ಟಿಗೆ ಆಕಾರದ್ದು, ಅಲಗು ಮಾತ್ರ ಮೊದಲಿನ ಕಾಲದ ಸೋರೆಬುರುಡೆಯದ್ದು ಎಂದಾದರೆ ಎಲ್ಲೋ ತಪ್ಪಿದೆ. ನಕಲಿ ಮಾಡಿದವನಿಗೆ ಸಹಿಯ ಚಿತ್ರ ಸಿಕ್ಕಿತ್ತು, ಆದರೆ ಕೈಗೆ ಸಿಕ್ಕ ಅಲಗು ಬೇರೆ ಯಾರದ್ದೋ ಆಗಿತ್ತು.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಸಹಿಯನ್ನು ಕೊನೆಗೆ ಓದಿ. ಮೊದಲು ಅಲಗನ್ನು ಓದಿ. ಜಪಾನಿನಲ್ಲಿ ಕತ್ತಿ ಗುರುತಿಸುವ ಅಭ್ಯಾಸಕ್ಕೆ ಕಾಂತೆಯಿ ಎನ್ನುತ್ತಾರೆ. ಕಲಿಯುವವರ ಮುಂದೆ ಅಲಗು ಇಡುವಾಗ ನಕಾಗೊವನ್ನು ಮುಚ್ಚಿಯೇ ಇಡುತ್ತಾರೆ. ಒಟ್ಟು ಆಕಾರ, ಬಾಗು, ಉಕ್ಕಿನ ಮೈಮೇಲಿನ ನೆಯ್ಗೆ, ಹಮೊನ್, ತುದಿಯೊಳಗೆ ಆ ಹಮೊನ್ ತಿರುಗುವ ರೀತಿ, ಇಷ್ಟನ್ನು ನೋಡಿ ಯಾವ ಕಾಲ, ಯಾವ ಪ್ರಾಂತ್ಯ, ಯಾವ ಕಮ್ಮಾರ ಎಂದು ಹೇಳಬೇಕು. ಆಮೇಲೆ ಬಟ್ಟೆ ತೆಗೆದು ಸಹಿ ನೋಡುತ್ತಾರೆ. ಹೊಸಬರು ಇದನ್ನು ತಿರುವು ಮುರುವು ಮಾಡುತ್ತಾರೆ. ಮೊದಲು ಹೆಸರು ಓದುತ್ತಾರೆ, ಆಮೇಲೆ ಆ ಹೆಸರಿಗೆ ತಕ್ಕ ಗುಣಗಳನ್ನೆಲ್ಲ ಅಲಗಿನ ಮೇಲೆ ಕಾಣತೊಡಗುತ್ತಾರೆ.

ಕೊಟೆತ್ಸುವಿನ ಕಾಲದ ಕತ್ತಿಗೆ ಒಂದು ಆಕಾರ ಇದೆ. ಬಾಗು ತೀರಾ ಕಮ್ಮಿ, ಬುಡ ಅಗಲ, ತುದಿಯ ಕಡೆಗೆ ಕಿರಿದಾಗುತ್ತದೆ, ತುದಿ ಚಿಕ್ಕದು. ನಿಮ್ಮ ಕತ್ತಿ ಹಿಡಿಯ ಹತ್ತಿರವೇ ಆಳವಾಗಿ ಬಾಗಿದ್ದರೆ, ಅಥವಾ ಉದ್ದನೆಯ ದೊಡ್ಡ ತುದಿ ಇದ್ದರೆ, ಹುಲಿಯ ಅಕ್ಷರ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಅಲಗು ಪರವಾಗಿಲ್ಲ ಅನಿಸಿದರೆ ನಕಾಗೊಗೆ ಬನ್ನಿ. ಒಳ್ಳೆಯ ಭೂತಗನ್ನಡಿ ಬೇಕು, ಒಂದು ಟಾರ್ಚ್ ಬೇಕು. ಬೆಳಕನ್ನು ಮೇಲಿನಿಂದ ಬಿಡಬೇಡಿ, ಪಕ್ಕದಿಂದ ನೆಲಕ್ಕೆ ತಾಗಿಸಿದ ಹಾಗೆ ಬಿಡಿ. ಆಗ ಪ್ರತಿ ಗೆರೆಯೂ ಎದ್ದು ನಿಲ್ಲುತ್ತದೆ. ಕಮ್ಮಾರ ನಕಾಗೊವನ್ನು ಮೊದಲು ಅರ ಹಾಕಿ ನಯ ಮಾಡುತ್ತಾನೆ. ಆ ಅರದ ಗೆರೆಗಳಿಗೆ ಯಾಸುರಿಮೆ ಎನ್ನುತ್ತಾರೆ. ಕೆಲವರದ್ದು ಅಡ್ಡಕ್ಕೆ, ಕೆಲವರದ್ದು ಓರೆಗೆ, ಕೆಲವರದ್ದು ಗಿಡುಗದ ಗರಿಯಂತೆ ಎರಡೂ ಕಡೆಗೆ. ಪ್ರತಿ ಮನೆತನಕ್ಕೂ ಒಂದು ರೂಢಿ. ಸಹಿ ಕೊರೆಯುವುದು ಅದಾದ ಮೇಲೆ. ಉಳಿಯ ಪೆಟ್ಟಿಗೆ ಕಬ್ಬಿಣ ಪಕ್ಕಕ್ಕೆ ಸರಿದು ಗೆರೆಯ ಅಂಚಿನಲ್ಲಿ ಸಣ್ಣ ದಿಬ್ಬ ಏಳುತ್ತದೆ. ಹಳೆಯ ಅಸಲಿ ಸಹಿಯಲ್ಲಿ ಆ ದಿಬ್ಬದ ಮೇಲೂ, ಗೆರೆಯ ತಳದಲ್ಲೂ, ಸುತ್ತಲಿನ ಮೈಯಲ್ಲೂ ಒಂದೇ ಬಣ್ಣದ ತುಕ್ಕು ಇರುತ್ತದೆ. ಹುರಿದ ಕಾಫಿ ಬೀಜದ ಬಣ್ಣ, ನಯವಾಗಿ, ಕೈಗೆ ಹತ್ತದ ತುಕ್ಕು. ಗೆರೆಯ ತಳ ಮಾತ್ರ ಕೆಂಪಗೋ ಬೆಳ್ಳಗೋ ಕಂಡರೆ, ಅಂಚುಗಳು ಚುಚ್ಚುವ ಹಾಗೆ ಇದ್ದರೆ, ಆ ಸಹಿ ನಕಾಗೊಗಿಂತ ಚಿಕ್ಕ ವಯಸ್ಸಿನದ್ದು.

ಇನ್ನೊಂದು ಮೋಸ ಹೀಗೆ. ಹೆಸರಿಲ್ಲದ ಕಮ್ಮಾರನ ಸಹಿಯನ್ನು ಅರ ಹಾಕಿಯೋ ಸುತ್ತಿಗೆಯಲ್ಲಿ ಬಡಿದೋ ಅಳಿಸಿ, ಅದೇ ಜಾಗದಲ್ಲಿ ದೊಡ್ಡ ಹೆಸರು ಕೊರೆಯುತ್ತಾರೆ. ಆಗ ಆ ಜಾಗದಲ್ಲಿ ಅರದ ಗೆರೆ ತುಂಡಾಗಿರುತ್ತದೆ, ಅಥವಾ ಬೇರೆ ದಿಕ್ಕಿಗೆ ಓಡುತ್ತದೆ. ಎರಡು ಬೆರಳಿನ ನಡುವೆ ಹಿಡಿದು ಮೇಲಿನಿಂದ ಕೆಳಗೆ ಸರಿಸಿದರೆ ಅಲ್ಲಿ ದಪ್ಪ ಕಮ್ಮಿಯಾದದ್ದೂ ಗೊತ್ತಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಎಂದರೆ ಅಸಲಿ ಸಹಿ ಇರುವ ನಕಾಗೊವನ್ನೇ ಕತ್ತರಿಸಿ ಬೇರೆ ಅಲಗಿಗೆ ಬೆಸೆಯುವುದು. ಆಗ ಸಹಿ ನಿಜ, ತುಕ್ಕು ನಿಜ, ಕತ್ತಿ ಸುಳ್ಳು. ಅಲಗು ಮತ್ತು ನಕಾಗೊ ಸೇರುವ ಕಡೆ ಬೆಸುಗೆಯ ಗುರುತು ಹುಡುಕಬೇಕಾಗುತ್ತದೆ.

ಸಹಿ ಅಳಿಸುವುದಕ್ಕೆ ದುಡ್ಡೇ ಕಾರಣ ಆಗಬೇಕೆಂದಿಲ್ಲ. ಇಸೆ ಪ್ರಾಂತ್ಯದ ಮುರಾಮಸ ಎಂಬ ಕಮ್ಮಾರರ ಕತ್ತಿಗಳು ತೊಕುಗಾವಾ ಮನೆತನಕ್ಕೆ ಅಪಶಕುನ ಎಂಬ ನಂಬಿಕೆ ಎದೊ ಕಾಲದಲ್ಲಿ (1603–1868) ಇತ್ತು. ಆಳುವವರೇ ತೊಕುಗಾವಾಗಳು. ಹಾಗಾಗಿ ಮುರಾಮಸನ ಕತ್ತಿ ಇಟ್ಟುಕೊಂಡವರು ಹೆದರಿ ಅಕ್ಷರ ಕೆರೆದು ಹಾಕಿದರು, ಬೇರೆ ಅಕ್ಷರವಾಗಿ ತಿದ್ದಿದರು. ಆದರೂ ಮುರಾಮಸನ ನಕಾಗೊ ಸಣ್ಣ ಮೀನಿನ ಹೊಟ್ಟೆಯಂತೆ ಕೆಳಗೆ ಉಬ್ಬಿರುತ್ತದೆ. ಹೆಸರು ಅಳಿಸಿದರೂ ಹೊಟ್ಟೆ ಅಳಿಸಲಾಗಲಿಲ್ಲ.

ಈಗ ನಿಮ್ಮ ಅಜ್ಜನ ಕತ್ತಿಯ ಹಿನ್ನೆಲೆ ನೋಡೋಣ. ಬರ್ಮಾ ಯುದ್ಧದಲ್ಲಿ ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಇದ್ದರು. ನಿಮ್ಮ ಜಿಲ್ಲೆಯವರೇ ಆದ ಕೆ.ಎಸ್. ತಿಮ್ಮಯ್ಯ 1945ರ ಶುರುವಿನಲ್ಲಿ ಅರಾಕಾನಿನ ಕಾಂಗಾವ್ ಕಾಳಗದಲ್ಲಿ ಬೆಟಾಲಿಯನ್ ಮುನ್ನಡೆಸಿದವರು. ಜಪಾನ್ ಶರಣಾದಾಗ ಈ ಭಾಗದ ಮಹಾದಂಡನಾಯಕ ಮೌಂಟ್‌ಬ್ಯಾಟನ್, ಜಪಾನಿ ಅಧಿಕಾರಿಗಳು ಎಲ್ಲರ ಎದುರಿಗೇ ಕತ್ತಿ ಒಪ್ಪಿಸಬೇಕೆಂದು ಪಟ್ಟು ಹಿಡಿದ. ಹಾಗೆ ಬಂದ ಕತ್ತಿಗಳು ಆಮೇಲೆ ನಮ್ಮ ಅಧಿಕಾರಿಗಳ, ಸೈನಿಕರ ಮನೆಗಳಿಗೂ ಸೇರಿದವು. ಭಾರತದಲ್ಲಿ ಇವತ್ತು ಕಾಣಸಿಗುವ ಅಸಲಿ ಜಪಾನಿ ಕತ್ತಿಗಳಲ್ಲಿ ಬಹಳಷ್ಟು ಈ ದಾರಿಯಲ್ಲಿ ಬಂದವೇ.

ಆ ಕಾಲದ ಸೇನೆಯ ಕತ್ತಿಗೆ ಗುಂತೊ ಎನ್ನುತ್ತಾರೆ. ಹೊರಗಿನ ಹಿಡಿ, ಒರೆ ಎಲ್ಲ ಒಂದೇ ನಮೂನೆ. ಒಳಗಿನ ಅಲಗು ಏನು ಬೇಕಾದರೂ ಆಗಿರಬಹುದು. ಕೆಳದರ್ಜೆಯ ಅಧಿಕಾರಿಗಳಿಗೆ 1935ರಿಂದ ಕೊಟ್ಟದ್ದು ಪೂರ್ತಿ ಯಂತ್ರದಲ್ಲಿ ಮಾಡಿದ್ದು. ಅದರ ಅಲಗಿನ ಮೇಲೇ ನಂಬರ್ ಇರುತ್ತದೆ, ಸಹಿ ಇರುವುದಿಲ್ಲ. ಮೇಲಿನ ಅಧಿಕಾರಿಗಳು ತಮ್ಮ ಕತ್ತಿ ತಾವೇ ಕೊಳ್ಳಬೇಕಿತ್ತು. ಹೆಚ್ಚಿನವರು ಸೆಕಿ ಊರಿನಲ್ಲಿ ರಾಶಿ ರಾಶಿಯಾಗಿ ತಯಾರಾದ ಶೋವಾತೊ ಕೊಂಡರು. ಕಾರ್ಖಾನೆಯ ಉಕ್ಕು, ನೀರಿನ ಬದಲು ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ್ದು. ಇವುಗಳ ನಕಾಗೊ ಮೇಲೆ ಸಹಿಯೂ ಇರುತ್ತದೆ, ಅದರ ಹತ್ತಿರ ಸಣ್ಣದೊಂದು ಮುದ್ರೆಯೂ ಇರುತ್ತದೆ. ಆ ಮುದ್ರೆ ಕಂಡರೆ ಸಂಪ್ರದಾಯದ ಕತ್ತಿಯಲ್ಲ ಎಂದು ತಿಳಿಯಿರಿ. ನಕ್ಷತ್ರದ ಮುದ್ರೆ ಬೇರೆ. ಅದು ಸೇನೆ ನೇಮಿಸಿದ ಕಮ್ಮಾರನದ್ದು, ಸಾಮಾನ್ಯವಾಗಿ ಕೈಕೆಲಸದ್ದು. ‘ಕೋವಾ ಇಶ್ಶಿನ್’ ಎಂದು ಶುರುವಾಗುವ ಸಹಿ ಇದ್ದರೆ ಅದು ಮಂಚೂರಿಯಾದ ರೈಲ್ವೆ ಕಂಪನಿಯ ಕತ್ತಿ. ಟೋಕಿಯೊದ ಯಾಸುಕುನಿ ದೇವಾಲಯದ ಆವರಣದಲ್ಲಿ 1933ರಿಂದ 1945ರವರೆಗೆ ಸುಮಾರು 8,100 ಕತ್ತಿ ಮಾಡಿದರು. ಅಲ್ಲಿನ ಕಮ್ಮಾರರ ಹೆಸರೆಲ್ಲ ‘ಯಾಸು’ ಎಂದೇ ಶುರು. ಅವಕ್ಕೆ ಈಗ ಒಳ್ಳೆಯ ಮರ್ಯಾದೆ ಇದೆ.

ಇಷ್ಟರ ನಡುವೆ ಕೆಲವು ಅಧಿಕಾರಿಗಳು ಮನೆಯ ಹಳೆಯ ಅಲಗನ್ನೇ ಸೇನೆಯ ಹಿಡಿಗೆ ಹೊಂದಿಸಿಕೊಂಡು ಯುದ್ಧಕ್ಕೆ ಬಂದರು. 300, 400 ವರ್ಷದ ಅಲಗು ಹಾಗೆ ಬರ್ಮಾದ ಕಾಡಿಗೆ ಬಂತು. ನಿಮ್ಮದರ ಸಹಿ ಕೊಟೆತ್ಸು ಎಂದಿದೆ, ಮುದ್ರೆಯ ಮಾತನ್ನು ನೀವು ಬರೆದಿಲ್ಲ. ಮುದ್ರೆ ಇಲ್ಲವೆಂದಾದರೆ ನನಗೆ ಅನಿಸುವುದು ಇದು ಎದೊ ಕಾಲದ ಯಾರೋ ಒಬ್ಬ ಒಳ್ಳೆಯ ಕಮ್ಮಾರನ ಅಲಗು, ಅದರ ಮೇಲೆ ಮುಂದೆ ಯಾರೋ ಕೊಟೆತ್ಸು ಎಂದು ಕೊರೆದಿದ್ದಾರೆ. ಇಂಥವು ಬೇಕಾದಷ್ಟು ಇವೆ. ಅಲಗನ್ನು ಕೈಯಲ್ಲಿ ಹಿಡಿದು ನೋಡದೆ ಇದಕ್ಕಿಂತ ಮುಂದೆ ಹೋಗಲಾರೆ.

ಸಹಿ ಓದುವುದನ್ನು ನೀವೇ ಸ್ವಲ್ಪ ಕಲಿತುಕೊಳ್ಳಿ, ಕಷ್ಟವಲ್ಲ. ಅಲಗಿನ ತುದಿ ಮೇಲೆ ಮಾಡಿ, ಸಹಿ ನಿಮ್ಮ ಕಡೆಗೆ ಬರುವ ಹಾಗೆ ಹಿಡಿಯಿರಿ. ಅಲಗಿನ ಬಾಯಿ ಎಡಗಡೆಗೆ ಬಂದರೆ ಅದು ಕತಾನಾದ ಸಹಿ, ಅಂದರೆ ಬಾಯಿ ಮೇಲೆ ಮಾಡಿ ಸೊಂಟಪಟ್ಟಿಗೆ ಸಿಕ್ಕಿಸುವ ಉದ್ದ ಕತ್ತಿಯದ್ದು. ಬಲಗಡೆಗೆ ಬಂದರೆ ತಾಚಿಯದ್ದು, ಅಂದರೆ ಬಾಯಿ ಕೆಳಗೆ ಮಾಡಿ ಸೊಂಟಕ್ಕೆ ತೂಗುಬಿಡುತ್ತಿದ್ದ ಹಳೆಯ ಕಾಲದ ಕತ್ತಿಯದ್ದು. ಸೊಂಟದಲ್ಲಿ ಇದ್ದಾಗ ಹೊರಗೆ ಕಾಣುವ ಮಗ್ಗುಲಿಗೆ ಹೆಸರು ಕೊರೆಯುವುದು ರೂಢಿ. ಆದರೆ ಹಿಜೆನ್ ಪ್ರಾಂತ್ಯದ ತದಯೋಶಿ ಮನೆತನದವರು ಕತಾನಾ ಮಾಡಿದರೂ ಸಹಿಯನ್ನು ತಾಚಿಯ ಮಗ್ಗುಲಿಗೇ ಹಾಕುತ್ತಿದ್ದರು. ತದಯೋಶಿ ಎಂಬ ಸಹಿ ಉದ್ದ ಕತ್ತಿಯ ಮೇಲೆ ಮಾಮೂಲಿ ಮಗ್ಗುಲಲ್ಲಿ ಇದ್ದರೆ ಅನುಮಾನ ಬರಬೇಕು. ಈ ಒಂದು ಸಂಗತಿ ಗೊತ್ತಿಲ್ಲದ ನಕಲಿಗಾರರು ಎಷ್ಟೋ ಮಂದಿ ಸಿಕ್ಕಿಬಿದ್ದಿದ್ದಾರೆ.

ಸಹಿ ಎರಡೇ ಅಕ್ಷರ ಇರಬಹುದು, ಬರೀ ಹೆಸರು. ಉದ್ದ ಇದ್ದರೆ ಮೇಲೆ ಪ್ರಾಂತ್ಯ ಅಥವಾ ಬಿರುದು, ಆಮೇಲೆ ಮನೆತನ, ಆಮೇಲೆ ಹೆಸರು, ಕೊನೆಗೆ ‘ಮಾಡಿದ್ದು’ ಎಂಬ ಅರ್ಥದ ಅಕ್ಷರ. ಬಿರುದಿನಲ್ಲಿ ಒಂದು ತೊಡಕಿದೆ. ಎಚಿಜೆನ್ ನೊ ಕಾಮಿ ಎಂದು ಇದ್ದರೆ ಆ ಕಮ್ಮಾರ ಎಚಿಜೆನ್‌ನಲ್ಲಿ ಇದ್ದ ಎಂದಲ್ಲ. ಅದು ಗೌರವದ ಪದವಿ ಅಷ್ಟೇ. ಎಚಿಜೆನ್ ನೊ ಕಾಮಿ ಸುಕೆಹಿರೊ ಕೆಲಸ ಮಾಡಿದ್ದು ಒಸಾಕಾದಲ್ಲಿ. ಈ ಸುಕೆಹಿರೊ ಕೂಡ 1674ರ ಹೊತ್ತಿಗೆ ಸಹಿಯ ಶೈಲಿ ಬದಲಿಸಿದ. ಮೊದಲು ಚೌಕ ಅಕ್ಷರ, ಆಮೇಲೆ ದುಂಡಗೆ ಬಳುಕುವ ಅಕ್ಷರ. ತ್ಸುದಾ ಅವನ ಮನೆತನದ ಹೆಸರು, ಹಾಗಾಗಿ ಸಂಗ್ರಾಹಕರು ಅವನ್ನು ಚೌಕ ತ್ಸುದಾ, ದುಂಡು ತ್ಸುದಾ ಎಂದೇ ಕರೆಯುತ್ತಾರೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಬಿಜೆನ್ ಪ್ರಾಂತ್ಯದ ಒಸಾಫುನೆ ಊರಿನದ್ದು. 1500ರ ಆಚೀಚೆ ಜಪಾನಿನಲ್ಲಿ ಎಲ್ಲಿ ನೋಡಿದರೂ ಯುದ್ಧ. ಕತ್ತಿಗೆ ವಿಪರೀತ ಬೇಡಿಕೆ. ಒಸಾಫುನೆಯಲ್ಲಿ ಸುಕೆಸದ ಎಂಬ ಒಂದೇ ಹೆಸರಿನಲ್ಲಿ ಹತ್ತಾರು ಕಮ್ಮಾರರು ಕೆಲಸ ಮಾಡುತ್ತಿದ್ದರು. ಗೊಂಚಲು ಗೊಂಚಲಾಗಿ ಮಾರುವ ಅಗ್ಗದ ಕತ್ತಿಗೆ ‘ಬಿಶು ಒಸಾಫುನೆ ಸುಕೆಸದ’ ಎಂದು ಚಿಕ್ಕದಾಗಿ ಸಹಿ. ಬಿಶು ಎಂದರೆ ಬಿಜೆನ್ ಎಂಬುದರ ಮೊಟಕು ರೂಪ. ಯಾರೋ ದೊಡ್ಡವರು ಹೇಳಿ ಮಾಡಿಸಿದ ಕತ್ತಿಗೆ ಪ್ರಾಂತ್ಯದ ಹೆಸರನ್ನು ಪೂರ್ತಿ ಬರೆದು, ಸುಕೆಸದ ಎಂಬುದಕ್ಕೆ ಮೊದಲು ತನ್ನ ಸ್ವಂತ ಹೆಸರನ್ನೂ ಸೇರಿಸುತ್ತಿದ್ದರು, ಯೊಸೊಜಾಯೆಮೊನ್ ನೊ ಜೊ ಸುಕೆಸದ ಎಂಬಂತೆ. ಎರಡೂ ಅಸಲಿ ಸಹಿಗಳೇ. ಎರಡೂ ಸುಕೆಸದನವೇ. ಬೆಲೆಯಲ್ಲಿ, ಕೆಲಸದಲ್ಲಿ ಆಕಾಶ ಭೂಮಿಯ ವ್ಯತ್ಯಾಸ. ಸಹಿ ಓದಲು ಬಂದರೆ ಸಾಲದು, ಅದು ಎಷ್ಟು ಉದ್ದ ಇದೆ ಎಂಬುದೂ ಸುದ್ದಿ ಹೇಳುತ್ತದೆ. ಮಿನೊ ಪ್ರಾಂತ್ಯದ ಕನೆಸದ ಎಂಬ ಹೆಸರೂ ಹೀಗೇ. ‘ಸದ’ ಎಂಬ ಅಕ್ಷರವನ್ನು ಬೇರೆ ಥರ ಕೊರೆಯುತ್ತಿದ್ದವನನ್ನು ನೊಸದ ಎಂದು ಗುರುತಿಸುತ್ತಾರೆ. ಕನೆಸದಗಳಲ್ಲಿ ಅವನದ್ದೇ ದೊಡ್ಡ ಹೆಸರು.

ಸಹಿಯ ಹಿಂಬದಿಯಲ್ಲಿ ತಾರೀಖು ಇರಬಹುದು. ರಾಜರ ಕಾಲದ ಹೆಸರು, ವರ್ಷ, ತಿಂಗಳು. ಹತ್ತು ಎಂಬ ಅಂಕಿ ಕೂಡಿಸುವ ಗುರುತಿನ ಹಾಗೆ ಇರುತ್ತದೆ, ಎಂಟು ಎಂದರೆ ಮೇಲೆ ತಾಗದ ಎರಡು ಓರೆ ಗೆರೆ. ಹಳೆಯ ಕತ್ತಿಗಳಲ್ಲಿ ಬಹುಪಾಲು ಎರಡನೇ ತಿಂಗಳು ಇಲ್ಲವೇ ಎಂಟನೇ ತಿಂಗಳು ಎಂದೇ ಇರುತ್ತದೆ. ಅದು ರೂಢಿ. ಶೋವಾ ಎಂದು ಇದ್ದರೆ ವರ್ಷಕ್ಕೆ 1925 ಕೂಡಿಸಿ. ಶೋವಾ 17 ಎಂದರೆ 1942. ಕೆಲವು ಯುದ್ಧಕಾಲದ ಕತ್ತಿಗಳಲ್ಲಿ 2600 ಎಂಬ ವರ್ಷ ಕಂಡು ಗಾಬರಿಯಾಗಬೇಡಿ, ಅದು ಜಪಾನಿನ ಮೊದಲ ಚಕ್ರವರ್ತಿಯಿಂದ ಎಣಿಸಿದ್ದು, ನಮ್ಮ ಲೆಕ್ಕದಲ್ಲಿ 1940.

ಸಹಿಯೇ ಇಲ್ಲದ ಕತ್ತಿ ಕೀಳು ಎಂದುಕೊಳ್ಳಬೇಡಿ. ತಾಚಿಗಳನ್ನು ಮುಂದಿನ ಕಾಲದವರು ಬುಡದಿಂದ ಕತ್ತರಿಸಿ ಗಿಡ್ಡ ಮಾಡಿಕೊಂಡರು. ಹಾಗೆ ಮಾಡುವಾಗ ಸಹಿ ಇದ್ದ ತುಂಡೇ ಹೋಯಿತು. ಕೆಲವರು ಸಹಿಯ ತುಂಡನ್ನು ಮಡಿಚಿ ಉಳಿಸಿಕೊಂಡರು, ಕೆಲವರು ಅದನ್ನು ಚೌಕವಾಗಿ ಕತ್ತರಿಸಿ ಹೊಸ ನಕಾಗೊದಲ್ಲಿ ಕೂರಿಸಿದರು. ಹೊನಾಮಿ ಎಂಬ ಮನೆತನದವರು ತಲೆಮಾರುಗಳಿಂದ ಕತ್ತಿ ಗುರುತಿಸುವವರು. ಅವರು ಸಹಿಯಿಲ್ಲದ ಕತ್ತಿಯ ಮೇಲೆ ತಮ್ಮ ತೀರ್ಮಾನವನ್ನು ಚಿನ್ನದ ಅಕ್ಷರದಲ್ಲಿ ಕೂರಿಸಿದ್ದೂ ಉಂಟು. ಜಪಾನಿನ ಅತಿ ದೊಡ್ಡ ಕಮ್ಮಾರ ಎನ್ನುವ ಮಸಮುನೆಯ ಕತ್ತಿಗಳಲ್ಲಿ ಸಹಿ ಇರುವುದು ಬೆರಳೆಣಿಕೆಯಷ್ಟು. ಒಕಾಯಾಮಾದ ಸೆತೊವುಚಿ ಎಂಬ ಚಿಕ್ಕ ಊರಿನ ಆಡಳಿತ 2020ರಲ್ಲಿ ಜನರಿಂದ ದುಡ್ಡು ಕೂಡಿಸಿ 50 ಕೋಟಿ ಯೆನ್‌ಗೆ ಸಾಂಚೋಮೊ ಎಂಬ ತಾಚಿಯನ್ನು ಕೊಂಡಿತು. ಅದು ರಾಷ್ಟ್ರೀಯ ನಿಧಿ. ಅದರ ಮೇಲೆ ಕಮ್ಮಾರನ ಹೆಸರಿಲ್ಲ. ಅಲಗು ನೋಡಿದವರಿಗೆ ಹೆಸರು ಬೇಕಾಗಿಯೂ ಇಲ್ಲ.

ಹಾಗಾದರೆ ನಿಮ್ಮ ಕತ್ತಿಯ ಬಗ್ಗೆ ಕೊನೆಯ ತೀರ್ಪು ಯಾರು ಕೊಡಬೇಕು? ಜಪಾನಿನಲ್ಲಿ 1948ರಲ್ಲಿ ಶುರುವಾದ ಕತ್ತಿ ಸಂರಕ್ಷಣೆಯ ಸಂಘ ಇದೆ, ಎನ್‌ಬಿಟಿಎಚ್‌ಕೆ ಎಂದು ಕರೆಯುತ್ತಾರೆ. ಟೋಕಿಯೊದ ರಿಯೊಗೊಕುವಿನಲ್ಲಿರುವ ಕತ್ತಿ ವಸ್ತುಸಂಗ್ರಹಾಲಯ ಅವರದ್ದೇ. ಅಲಗನ್ನು ಅವರ ಮುಂದಿಟ್ಟರೆ ಪರೀಕ್ಷೆ ಮಾಡಿ ಕಾಗದ ಕೊಡುತ್ತಾರೆ. ಹೊಜೊನ್, ಅದರ ಮೇಲೆ ತೊಕುಬೆತ್ಸು ಹೊಜೊನ್, ಅದಕ್ಕೂ ಮೇಲೆ ಜೂಯೊ. ಸುಳ್ಳು ಸಹಿ ಎಂದು ಕಂಡರೆ ಕಾಗದ ಇಲ್ಲ. ಅಂಥ ಸಂದರ್ಭದಲ್ಲಿ ಕೆಲವರು ಸುಳ್ಳು ಸಹಿಯನ್ನು ನುರಿತವರಿಂದ ಅಳಿಸಿ, ಸಹಿಯಿಲ್ಲದ ಕತ್ತಿಯಾಗಿ ಮತ್ತೆ ಪರೀಕ್ಷೆಗೆ ಇಡುತ್ತಾರೆ. ಅದನ್ನು ನೀವು ಇಲ್ಲಿ ಮಾಡಿಸಲು ಹೋಗಬೇಡಿ.

ಆದರೆ ಕಳಿಸುವ ಮುಂಚೆ ಕಾನೂನು ನೋಡಿಕೊಳ್ಳಿ. ನಮ್ಮಲ್ಲಿ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ನಿಮ್ಮದು ಎದೊ ಕಾಲದ್ದಾದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ಯುದ್ಧಕಾಲದ್ದಾದರೆ ಪುರಾತತ್ವ ಇಲಾಖೆಯಿಂದ ಪ್ರಾಚೀನ ವಸ್ತುವಲ್ಲ ಎಂಬ ಪತ್ರ ಪಡೆಯಬೇಕು. ಅದು ಸಿಕ್ಕರೂ ಶೋವಾತೊವನ್ನು ಜಪಾನಿಗೆ ಕಳಿಸಬೇಡಿ. ಅಲ್ಲಿ ಸಂಪ್ರದಾಯದ ಕತ್ತಿಗೆ ಮಾತ್ರ ನೋಂದಣಿ ಸಿಗುತ್ತದೆ, ಕಾರ್ಖಾನೆಯ ಅಲಗನ್ನು ಕಿತ್ತುಕೊಂಡು ನಾಶ ಮಾಡುತ್ತಾರೆ. ಅಜ್ಜನ ನೆನಪು ಹಾಗೆ ಹೋಗಬಾರದು. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಆಯುಧ ಕಾಯ್ದೆ ಅನ್ವಯಿಸಬಹುದು. 9 ಇಂಚಿಗಿಂತ ಉದ್ದದ ಅಲಗು ಅದರ ನಿಯಮಗಳೊಳಗೆ ಬರುತ್ತದೆ. ನಿಮ್ಮ ಜಾಗಕ್ಕೆ ಯಾವ ನಿಯಮ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಇನ್ನು ಸಂಗ್ರಹದ ಆಸೆ. ಮೊದಲ ಒಂದೆರಡು ವರ್ಷ ಏನನ್ನೂ ಕೊಳ್ಳಬೇಡಿ, ನೋಡಿ. ಜಪಾನಿಗೆ ಹೋಗುವ ಅವಕಾಶ ಸಿಕ್ಕರೆ ಟೋಕಿಯೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಒಸಾಫುನೆಯ ಕತ್ತಿ ಸಂಗ್ರಹಾಲಯ ಎರಡಕ್ಕೂ ಹೋಗಿ. ಅಮೆರಿಕದಲ್ಲಿ ಬಂಧುಗಳಿದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ಶಿಕಾಗೊ ಕಡೆ ಜಪಾನಿ ಕತ್ತಿಗಳ ಮೇಳ ನಡೆಯುತ್ತದೆ. ಅಲ್ಲಿ ಕೇಳಿದರೆ ಕೈಯಲ್ಲಿ ಹಿಡಿದು ನೋಡಲೂ ಕೊಡುತ್ತಾರೆ. ಗಾಜಿನ ಆಚೆ ನೂರು ಕತ್ತಿ ನೋಡುವುದಕ್ಕಿಂತ ಒಂದು ಒಳ್ಳೆಯ ಅಲಗನ್ನು ದೀಪದ ಕೆಳಗೆ ತಿರುಗಿಸಿ ನೋಡುವುದು ಜಾಸ್ತಿ ಕಲಿಸುತ್ತದೆ.

ಆನ್‌ಲೈನ್‌ನಲ್ಲಿ ‘ಹಳೆಯ ಸಮುರಾಯ್ ಕತ್ತಿ’ ಎಂದು ಮಾರುವುದರಲ್ಲಿ ಬಹುಪಾಲು ಈಚೆಗೆ ಬೇರೆ ದೇಶಗಳಲ್ಲಿ ಮಾಡಿದ್ದು. ನಕಾಗೊಗೆ ಆಮ್ಲ ಹಚ್ಚಿ ಕಿತ್ತಳೆ ಬಣ್ಣದ ತುಕ್ಕು ಬರಿಸಿರುತ್ತಾರೆ, ಅದು ಬೆರಳಿಗೆ ಹತ್ತುತ್ತದೆ. ಹಮೊನ್ ಕೂಡ ಆಮ್ಲದಿಂದಲೋ ತಂತಿ ಬ್ರಷ್‌ನಿಂದಲೋ ಎಳೆದ ಬಿಳಿ ಪಟ್ಟೆ, ಒಳಗೆ ಏನೂ ಇರುವುದಿಲ್ಲ. ಅಕ್ಷರಗಳು ಉಳಿಯಲ್ಲಿ ಒಂದೊಂದೇ ಪೆಟ್ಟು ಹಾಕಿ ಕೊರೆದದ್ದಾಗಿರದೆ ಸುಮ್ನೆ ಗೀಚಿದ ಹಾಗೆ ಇರುತ್ತವೆ.

ಕೊಳ್ಳುವ ಕಾಲ ಬಂದಾಗ ದೊಡ್ಡ ಹೆಸರಿನ ಹಿಂದೆ ಓಡಬೇಡಿ. ಎದೊ ಕಾಲದ ಎರಡನೇ ಸಾಲಿನ ಕಮ್ಮಾರನ ವಾಕಿಜಾಶಿ, ಅಂದರೆ 30ರಿಂದ 60 ಸೆಂ.ಮೀ. ಅಲಗಿನ ಕತ್ತಿ, ಒಳ್ಳೆಯ ಸಾಣೆ, ಮೂಲ ನಕಾಗೊ, ಹೊಜೊನ್ ಕಾಗದ ಇರುವಂಥದ್ದು ಮೊದಲ ಕತ್ತಿಯಾಗಿ ತುಂಬಾ ಒಳ್ಳೆಯದು. ಕತಾನಾಗಿಂತ ಕಮ್ಮಿ ಬೆಲೆಗೆ ಸಿಗುತ್ತದೆ, ಕಲಿಯಲು ಅಷ್ಟೇ ಇರುತ್ತದೆ. ಕಾಗದದಲ್ಲಿ ಬರೆದ ಸಹಿ, ಉದ್ದ ನಿಮ್ಮ ಕೈಯಲ್ಲಿರುವ ಅಲಗಿನದ್ದೇ ಎಂದು ಹೊಂದಿಸಿ ನೋಡಿ, ಕಾಗದವನ್ನೂ ನಕಲಿ ಮಾಡುವವರಿದ್ದಾರೆ. 1982ಕ್ಕಿಂತ ಹಿಂದಿನ ಹಳೆಯ ಪದ್ಧತಿಯ ಕಾಗದಗಳನ್ನು ಈಗ ಯಾರೂ ಪೂರ್ತಿ ನಂಬುವುದಿಲ್ಲ, ಅಂಥದ್ದಿದ್ದರೆ ಹೊಸ ಪರೀಕ್ಷೆ ಆಗಿದೆಯೇ ಕೇಳಿ. ಜಪಾನಿನಿಂದ ತರಿಸುವುದಾದರೆ ಅಲ್ಲಿನ ರಫ್ತು ಅನುಮತಿ, ಇಲ್ಲಿನ ಆಮದು ಪರವಾನಗಿ ಎರಡೂ ಕೈಗೆ ಬಂದ ಮೇಲೆಯೇ ದುಡ್ಡು ಕೊಡಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಅಲಗಿನ ಬುಡದ ಬೆನ್ನಿನಿಂದ ತುದಿಯವರೆಗೆ ನೇರ ಗೆರೆಯಲ್ಲಿ ಉದ್ದ ಅಳೆಯಿರಿ, ಬಾಗನ್ನೂ ಅಳೆಯಿರಿ. ಪೂರ್ತಿ ಅಲಗಿನ ಒಂದು ಫೋಟೊ, ತುದಿಯ ಒಂದು, ನಕಾಗೊದ ಎರಡೂ ಮಗ್ಗುಲಿನವು, ಹುಲಿಯ ಅಕ್ಷರದ ಹತ್ತಿರದ್ದು ಒಂದು, ಎಲ್ಲವನ್ನೂ ಪಕ್ಕದಿಂದ ಬೆಳಕು ಬಿಟ್ಟು ತೆಗೆಯಿರಿ. ನಕಾಗೊದ ಮೇಲೆ ಕೆಂಪು ಇಲ್ಲವೇ ಬಿಳಿ ಬಣ್ಣದಲ್ಲಿ ಬರೆದ ಅಂಕಿ ಇದ್ದರೆ ಅದನ್ನೂ ಒರೆಸಬೇಡಿ, ಯುದ್ಧಕಾಲದಲ್ಲಿ ಹಿಡಿ ಹೊಂದಿಸಿದವರು ಬರೆದದ್ದಿರಬಹುದು. ಅಜ್ಜ ಯಾವ ರೆಜಿಮೆಂಟಿನಲ್ಲಿ ಇದ್ದರು, ಕತ್ತಿ ಎಲ್ಲಿ ಸಿಕ್ಕಿತು ಎಂದು ಮನೆಯ ಹಿರಿಯರಿಗೆ ಗೊತ್ತಿರುವುದನ್ನೆಲ್ಲ ಬರೆದಿಟ್ಟು, ಫೋಟೊಗಳ ಜೊತೆಗೆ ಕಳಿಸಿ. ಅಲಗು ಯಾರದ್ದು ಎಂದು ಹುಡುಕಲು ಅಲ್ಲಿಂದ ಶುರು ಮಾಡೋಣ.